ಇಲ್ಲದ್ದು ಮತ್ತು ಕಾಣದ್ದು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದರು. ಹಳೆಯ ದಿನಗಳನ್ನು ನನಗಿಂತ ಚೆನ್ನಾಗಿ ನೆನೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿರುತ್ತಾರೆ. ಆದುದರಿಂದ ನಾನು ಬಲ್ಲ ಒಂದು ಕೆಲಸದ ವಿಷಯವನ್ನು ಬರೆಯುತ್ತೇನೆಂದು ಅವರಲ್ಲಿ ಅರಿಕೆ ಮಾಡಿಕೊಂಡೆ. ಊರಿಗೆ ಬಂದಾಗಲೆಲ್ಲ ಮಕ್ತಲದ ಬಸ್ ನಿಲ್ದಾಣದಲ್ಲಿ ಭೇಟಿಯಾಗುವ ಹಿರಿಯರೊಬ್ಬರು, "ಹಗಲೆಲ್ಲ ಕಂಪ್ಯೂಟರ್ ನೌಕರಿ ಮಾಡಿ ರಾತ್ರಿ ಮತ್ತ ಅದರ ಮುಂದನ ಕೂಡ್ತಿ ಅಂತಲ್ಲೋ ತಮ್ಮಾ, ಅದಕ್ಕ ಪಗಾರನೂ ಇಲ್ಲಂತ!" ಎಂದು ಮರುಕದಿಂದ ಕೇಳುತ್ತಾರೆ. ಬಸ್ಸು ಬರುವಷ್ಟರಲ್ಲಿ ಅವರಿಗೆ ಹೇಳಿ ಮುಗಿಸಲು ಆಗದಿದ್ದುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಗಣಕಯಂತ್ರದಲ್ಲಿ ಎರಡು ಬಗೆಯ ನೆನಪುಗಳುಂಟು. ಒಂದು ಡಿಸ್ಕು. ಅದು ಕಚೇರಿಯ ಕಪಾಟಿನಂತೆ. ದೀಪ ಆರಿಸಿ ಬೀಗ ಹಾಕಿದರೂ ಅದರೊಳಗಿನ ಕಡತಗಳು ಇದ್ದಲ್ಲಿಯೇ ಇರುತ್ತವೆ. ಇನ್ನೊಂದು ರ‍್ಯಾಮ್ ಎಂದು ಕರೆಯಲಾಗುವ ತಾತ್ಕಾಲಿಕ ಸ್ಮೃತಿ. ಅದು ತರಗತಿಯ ಕರಿಹಲಗೆಯಂತೆ. ಯಂತ್ರ ಈ ಕ್ಷಣದಲ್ಲಿ ಏನನ್ನು ಮಾಡುತ್ತಿದೆ, ಯಾವ ಪ್ರೋಗ್ರಾಮುಗಳು ನಡೆಯುತ್ತಿವೆ, ಯಾವ ದೂರದ ಯಂತ್ರದೊಡನೆ ಮಾತನಾಡುತ್ತಿದೆ ಎಂಬುದೆಲ್ಲ ಆ ಹಲಗೆಯ ಮೇಲೆ ಬರೆದಿರುತ್ತದೆ. ವಿದ್ಯುತ್ ನಿಂತೊಡನೆ ಹಲಗೆ ಅಳಿಸಿಹೋಗುತ್ತದೆ. ಕಳ್ಳ ಪ್ರೋಗ್ರಾಮುಗಳಲ್ಲಿ ಕೆಲವು ಡಿಸ್ಕನ್ನು ಮುಟ್ಟುವುದೇ ಇಲ್ಲ. ಕರಿಹಲಗೆಯ ಮೇಲಷ್ಟೇ ಬದುಕಿ, ಅದರೊಡನೆಯೇ ಅಳಿದುಹೋಗುತ್ತವೆ. ಹಲಗೆ ಅಳಿಯುವ ಮೊದಲು ಅದರ ಪೂರ್ಣ ಪ್ರತಿಯೊಂದನ್ನು ತೆಗೆದುಕೊಂಡು, ಆಮೇಲೆ ನಿಧಾನವಾಗಿ ಓದಿ, ಅಲ್ಲಿ ನಡೆದುದೇನೆಂದು ತಿಳಿಯುವ ವಿದ್ಯೆಗೆ ಮೆಮೊರಿ ಫೋರೆನ್ಸಿಕ್ಸ್ ಎಂದು ಹೆಸರು.

ಈ ವಿದ್ಯೆಯತ್ತ ನನ್ನನ್ನು ಎಳೆದದ್ದು ನಮ್ಮ ಶಾಲೆಯ ಸಹಪಾಠಿಯೊಬ್ಬನಿಗೆ ಒದಗಿದ ಕಷ್ಟ. ಅವನ ಹೆಸರನ್ನಾಗಲಿ ಅವನು ದುಡಿಯುತ್ತಿದ್ದ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಸಣ್ಣ ಸಂಸ್ಥೆ, ಒಂದೇ ಗಣಕಯಂತ್ರ, ಅದರ ಮುಂದೆ ಕೂರುವ ಗುಮಾಸ್ತ ಇವನೊಬ್ಬನೇ. ಒಂದು ಮಧ್ಯಾಹ್ನ ಸಂಸ್ಥೆಯ ಖಾತೆಯಿಂದ ಹಣ ಬೇರೆಲ್ಲಿಗೋ ಹೋಯಿತು. ಇವನು ಊಟಕ್ಕೆ ಎದ್ದು ಹೋಗಿದ್ದೆನೆಂದ, ನೋಡಿದವರಾರೂ ಇರಲಿಲ್ಲ. ಗಾಬರಿಯಾದ ಹಿರಿಯರು ಒಳ್ಳೆಯ ಉದ್ದೇಶದಿಂದಲೇ ಮೊದಲು ಮಾಡಿದ ಕೆಲಸವೆಂದರೆ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತದ್ದು. ಹೊರಗಿನವರು ಯಾರಾದರೂ ಆ ಯಂತ್ರದೊಳಗೆ ಕುಳಿತು ಅದನ್ನು ನಡೆಸುತ್ತಿದ್ದರೇ ಎಂಬುದಕ್ಕೆ ಉತ್ತರ ಇದ್ದಿರಬಹುದಾದ ಒಂದೇ ಸ್ಥಳ ಆ ಕ್ಷಣದಲ್ಲಿ ಅಳಿಸಿಹೋಯಿತು. ಡಿಸ್ಕಿನಲ್ಲಿ ಏನೂ ಸಿಕ್ಕಲಿಲ್ಲ. ಎರಡು ವರ್ಷಗಳ ನಂತರ ಸಾಕ್ಷ್ಯವಿಲ್ಲವೆಂದು ವಿಚಾರಣೆಯನ್ನು ಕೈಬಿಟ್ಟರು. ನೀನು ನಿರಪರಾಧಿ ಎಂದು ಮಾತ್ರ ಅವನಿಗೆ ಯಾರೂ ಬರೆದುಕೊಡಲಿಲ್ಲ. ಅವನು ಈಗ ಬೇರೆ ಊರಿನಲ್ಲಿದ್ದಾನೆ.

ಇಂತಹ ಸ್ಮೃತಿಯ ಪ್ರತಿಯನ್ನು ಓದಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಲಕರಣೆಗೆ 'ವೊಲಟಿಲಿಟಿ' ಎಂದು ಹೆಸರು. ಬೇಗನೆ ಆವಿಯಾಗಿ ಹೋಗುವ ಗುಣ ಎಂದು ಅದರ ಅರ್ಥ. ಅಮೆರಿಕದ ಆರನ್ ವಾಲ್ಟರ್ಸ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಬಹಿರಂಗಗೊಳಿಸಿದರು. ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆದದ್ದು. ಅದರ ಹಿಂದಿರುವ ನಾಲ್ವರು ತಜ್ಞರು 2014ರಲ್ಲಿ ಈ ವಿದ್ಯೆಯ ಮೇಲೆ ಬರೆದ ದಪ್ಪ ಗ್ರಂಥ ಇಂದಿಗೂ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ಅನಂತರ ಇಡೀ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಬರೆಯಲಾಯಿತು. ಆ ಮೂರನೆಯ ಅವತಾರದ ಮೊದಲ ಪೂರ್ಣ ಆವೃತ್ತಿ 2021ರಲ್ಲಿ ಬಂದಿತು. 2025ರ ಮೇ ತಿಂಗಳಿನಲ್ಲಿ ಹಳೆಯದರ ಕೆಲಸವನ್ನೆಲ್ಲ ಹೊಸದು ಮಾಡಬಲ್ಲದೆಂದು ಘೋಷಿಸಿ ಹಳೆಯದಕ್ಕೆ ವಿಶ್ರಾಂತಿ ನೀಡಿದರು. ಅದರ ಕೋಡು ಮುಚ್ಚುಮರೆಯಿಲ್ಲದೆ ಎಲ್ಲರ ಮುಂದಿದೆ. ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು, ಬೇರೆಯವರು ಸೂಚಿಸಿದ ತಿದ್ದುಪಡಿಯನ್ನು ಸಾಲುಸಾಲಾಗಿ ಪರಿಶೀಲಿಸಿ ಅಭಿಪ್ರಾಯ ಹೇಳಬಹುದು. ನನ್ನ ರಾತ್ರಿಯ ಕೆಲಸ ಈ ಕೊನೆಯದು. ನಾನು ಆ ಯೋಜನೆಯ ಅಧಿಕಾರಿಯಲ್ಲ. ಕೊನೆಯ ಒಪ್ಪಿಗೆ ಅದನ್ನು ನೋಡಿಕೊಳ್ಳುವ ಕೆಲವೇ ಮಂದಿಯದು. ನನ್ನಂತಹವರು ಓದುತ್ತೇವೆ, ಪ್ರಶ್ನೆ ಕೇಳುತ್ತೇವೆ, ಅಷ್ಟೆ.

ತಿದ್ದುಪಡಿ ಬಂದಾಗ ಪರದೆಯ ಮೇಲೆ ತೆಗೆದುಹಾಕಿದ ಸಾಲುಗಳು ಕೆಂಪಿನಲ್ಲಿಯೂ ಸೇರಿಸಿದ ಸಾಲುಗಳು ಹಸಿರಿನಲ್ಲಿಯೂ ಕಾಣುತ್ತವೆ. ಹಸಿರು ಸಾಲುಗಳನ್ನು ಓದುವುದು ಸುಲಭ. ಕಷ್ಟವಾದದ್ದು ಬಣ್ಣವಿಲ್ಲದ ಸಾಲುಗಳನ್ನು ಓದುವುದು. ಎಂದರೆ, ಬದಲಾಗದೆ ಉಳಿದ ಯಾವ ಯಾವ ಭಾಗಗಳು ಈ ಬದಲಾವಣೆಯನ್ನು ನಂಬಿಕೊಂಡಿವೆ ಎಂಬುದನ್ನು ಕಂಡುಕೊಳ್ಳುವುದು. ಗದ್ವಾಲ ಸೀರೆಯನ್ನು ಬಲ್ಲ ನಮ್ಮ ಕಡೆಯ ಹೆಂಗಸರು ಸೀರೆ ಕೈಗೆ ಬಂದೊಡನೆ ಹತ್ತಿಯ ಒಡಲನ್ನಾಗಲಿ ರೇಷ್ಮೆಯ ಅಂಚನ್ನಾಗಲಿ ಮೊದಲು ನೋಡುವುದಿಲ್ಲ. ಎರಡೂ ಕೂಡುವ ಗೆರೆಯನ್ನು ಮಗುಚಿ ನೋಡುತ್ತಾರೆ. ನಾರಾಯಣಪೇಟೆಯ ಮಗ್ಗದಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆಗಳನ್ನು ನೇಯುವ ರೂಢಿಯುಂಟು. ಹೊಕ್ಕಿನ ತಪ್ಪು ಒಂದು ಸೀರೆಯನ್ನು ಕೆಡಿಸೀತು, ಹಾಸಿನ ತಪ್ಪು ಎಂಟನ್ನೂ ಕೆಡಿಸುತ್ತದೆ. ಆದುದರಿಂದ ತಿದ್ದುಪಡಿ ಒಂದು ಸಣ್ಣ ಪ್ಲಗಿನ್ನಿಗೆ ಸೇರಿದ್ದೋ ಅಥವಾ ಎಲ್ಲ ಪ್ಲಗಿನ್ನುಗಳಿಗೂ ಆಧಾರವಾದ ತಳಭಾಗಕ್ಕೆ ಸೇರಿದ್ದೋ ಎಂಬುದನ್ನು ಮೊದಲು ನೋಡುತ್ತೇನೆ. ತಳಭಾಗದ ಒಂದು ಕಾರ್ಯವನ್ನು ಕರೆಯುವ ರೀತಿಯೇ ಬದಲಾದರೆ ಅದರ ಆವೃತ್ತಿಸಂಖ್ಯೆಯ ಮೊದಲ ಅಂಕಿ ಏರಲೇಬೇಕೆಂಬ ಕಟ್ಟಳೆಯಿದೆ. ಬರೆದವರು ಎಷ್ಟೋ ವೇಳೆ ಇದನ್ನು ಮರೆಯುತ್ತಾರೆ. ನನ್ನ ಅಭಿಪ್ರಾಯಗಳಲ್ಲಿ ಅರ್ಧದಷ್ಟು ಈ ಒಣ ವಿಷಯವೇ ಆಗಿರುತ್ತದೆ ಎಂದರೆ ಓದುಗರಿಗೆ ನಿರಾಶೆಯಾಗಬಹುದು.

ರಸವತ್ತಾದ ಭಾಗವೂ ಉಂಟು. ಒಂದು ಉದಾಹರಣೆಯನ್ನು ಶಾಲೆಯ ಅಂಗಳದಿಂದಲೇ ಕೊಡುತ್ತೇನೆ. ವಿಂಡೋಸ್ ವ್ಯವಸ್ಥೆಯಲ್ಲಿ ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಸ್ಮೃತಿಯಲ್ಲಿ ಒಂದು ದಾಖಲೆಯಿರುತ್ತದೆ. ಪ್ರತಿ ದಾಖಲೆಯೂ ತನ್ನ ಹಿಂದಿನದರ ಮತ್ತು ಮುಂದಿನದರ ವಿಳಾಸಗಳನ್ನು ಹಿಡಿದುಕೊಂಡಿರುತ್ತದೆ. ಪ್ರಾರ್ಥನೆಗೆ ಹೋಗುವಾಗ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಂತಂತೆ. ಸಾಲಿನ ತುದಿಯಿಂದ ಒಬ್ಬೊಬ್ಬರನ್ನೇ ಎಣಿಸುತ್ತ ಹೋದರೆ ಹಾಜರಿ ಸಿಕ್ಕುತ್ತದೆ. ಆದರೆ ತುಂಟ ಹುಡುಗನೊಬ್ಬ ಸಾಲಿನಿಂದ ಜಾರಿಕೊಂಡು, ತನ್ನ ಅಕ್ಕಪಕ್ಕದವರ ಕೈಗಳನ್ನು ಪರಸ್ಪರ ಹಿಡಿಸಿ ಹೋದನೆಂದರೆ ಎಣಿಕೆಯಲ್ಲಿ ಅವನು ಬರುವುದಿಲ್ಲ, ಸಾಲೂ ಮುರಿದಂತೆ ಕಾಣುವುದಿಲ್ಲ. ಕಳ್ಳ ಪ್ರೋಗ್ರಾಮುಗಳು ಮಾಡುವುದು ಇದನ್ನೇ. 2004ರಲ್ಲಿಯೇ ಜೇಮೀ ಬಟ್ಲರ್ ಎಂಬ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದರು. ಸಾಲಿನಲ್ಲಿಲ್ಲದವನು ಓಡಾಡುವುದು ಹೇಗೆಂದು ಕೇಳಬಹುದು. ವಿಂಡೋಸ್ ಕೆಲಸ ಹಂಚುವುದು ಈ ಸಾಲನ್ನು ನೋಡಿ ಅಲ್ಲ. ಅದಕ್ಕೆ ಬೇರೆ ಪಟ್ಟಿಯಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನಿಗೂ ಬಿಸಿಯೂಟ ಸಿಕ್ಕುತ್ತದೆ.

ಇದಕ್ಕೆ ಉಪಾಯವೆಂದರೆ ಸಾಲನ್ನು ಬಿಟ್ಟು ಇಡೀ ಶಾಲೆಯನ್ನು ಮೂಲೆಮೂಲೆಯಾಗಿ ಹುಡುಕುವುದು, ಸಮವಸ್ತ್ರ ಕಂಡಲ್ಲೆಲ್ಲ ಒಬ್ಬ ವಿದ್ಯಾರ್ಥಿಯೆಂದು ಬರೆದುಕೊಳ್ಳುವುದು. ವೊಲಟಿಲಿಟಿಯಲ್ಲಿ ಎರಡೂ ಕ್ರಮಗಳಿವೆ, ಎರಡರ ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡುವುದೇ ಬಲ್ಲವರ ದಾರಿ. ಎರಡನೆಯದಕ್ಕೂ ತನ್ನದೇ ದೋಷವಿದೆ, ಟಿ.ಸಿ. ಪಡೆದು ಹೋದವರ ಹಳೆಯ ಅಂಗಿಯೂ ಅದಕ್ಕೆ ಸಿಕ್ಕುತ್ತದೆ. ಮುಗಿದುಹೋದ ಪ್ರೋಗ್ರಾಮಿನ ಅವಶೇಷವನ್ನು ನಡೆಯುತ್ತಿದ್ದ ಪ್ರೋಗ್ರಾಮೆಂದು ತಿಳಿದರೆ ನಿರಪರಾಧಿಯ ಮೇಲೆ ಗುಮಾನಿ ಬಂದೀತು.

ಇನ್ನೊಂದು ತೊಡಕು. ಸ್ಮೃತಿಯ ಪ್ರತಿ ತೆಗೆಯಲು ಕೆಲವು ನಿಮಿಷಗಳು ಬೇಕಾಗುತ್ತವೆ; ಅಷ್ಟರಲ್ಲಿ ಯಂತ್ರ ಸುಮ್ಮನಿರುವುದಿಲ್ಲ. ಓಡಾಡುತ್ತಿರುವ ಮಕ್ಕಳ ಚಿತ್ರವನ್ನು ನಿಧಾನವಾಗಿ ಬರೆಯುವ ಚಿತ್ರಕಾರನಂತೆ, ಮೊದಲ ಪುಟದಲ್ಲಿರುವ ವಿಳಾಸ ಕೊನೆಯ ಪುಟ ಬರೆಯುವ ಹೊತ್ತಿಗೆ ಸುಳ್ಳಾಗಿರಬಹುದು. ಸಾಲಿನ ಕೊನೆಯವನ ಕೈ ನಡುವಿನವನ ಕೈಯನ್ನು ಹಿಡಿದಂತೆ ದಾಖಲಾಗಿಬಿಟ್ಟರೆ ಎಣಿಸುವವನು ಸುತ್ತುತ್ತಲೇ ಇರುತ್ತಾನೆ, ಎಣಿಕೆ ಮುಗಿಯುವುದೇ ಇಲ್ಲ. ಆದುದರಿಂದ ಸಾಲನ್ನು ನಡೆಯುವ ಯಾವ ಕೋಡು ಬಂದರೂ, ಈಗಾಗಲೇ ಕಂಡವರನ್ನು ನೆನಪಿಟ್ಟುಕೊಳ್ಳುತ್ತಿದೆಯೇ ಎಂದು ನೋಡುವುದು ನನ್ನ ವಾಡಿಕೆ. ಶತ್ರು ಬೇಕೆಂದೇ ಇಂತಹ ಸುಳಿಯನ್ನು ಬರೆದಿಟ್ಟಿರಲೂಬಹುದು.

ನಾವು ಓದುವ ವ್ಯವಸ್ಥೆಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಲ್ಲಿ, ಒಂದು ಪ್ರೋಗ್ರಾಮಿನ ವಶದಲ್ಲಿರುವ ಸ್ಮೃತಿಭಾಗಗಳನ್ನು ಸರಪಣಿಯಾಗಿ ಕಟ್ಟಿಡುತ್ತಿದ್ದ ಹಳೆಯ ಪದ್ಧತಿಯನ್ನು ತೆಗೆದು 'ಮೇಪಲ್ ಟ್ರೀ' ಎಂಬ ಮರದಾಕಾರದ ರಚನೆಯನ್ನು ತಂದರು. ಸರಪಣಿಯನ್ನೇ ಹುಡುಕುತ್ತಿದ್ದ ಸಲಕರಣೆಗಳಿಗೆ ಒಂದು ದಿನ ಸರಪಣಿಯೇ ಇಲ್ಲವಾಯಿತು. ಹೊಸದನ್ನು ಕಲಿಯಬೇಕು, ಹಳೆಯದನ್ನೂ ಮರೆಯುವಂತಿಲ್ಲ. ಹತ್ತು ವರ್ಷದ ಹಿಂದಿನ ವ್ಯವಸ್ಥೆ ಇಂದಿಗೂ ಯಾವುದೋ ಕಚೇರಿಯ ಮೂಲೆಯಲ್ಲಿ ನಡೆಯುತ್ತಿರುತ್ತದೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ತಿದ್ದುಪಡಿಗಳಲ್ಲಿ ಪದೇ ಪದೇ ಕಾಣುವ ಒಂದು ಬಗೆಯಿದೆ. ಯಾವುದೋ ಒಂದು ಪ್ರತಿಯನ್ನು ಓದುವಾಗ ನಡುವಿನ ಒಂದು ಪುಟ ಸಿಕ್ಕದೆ ಸಲಕರಣೆ ದೋಷಸಂದೇಶ ಕೊಟ್ಟು ನಿಂತುಬಿಡುತ್ತದೆ. ಒಬ್ಬರು ಉತ್ಸಾಹದಿಂದ ಎರಡು ಸಾಲು ಸೇರಿಸುತ್ತಾರೆ: ಓದಲಾಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗು. ಸಲಕರಣೆ ಇನ್ನು ನಿಲ್ಲುವುದಿಲ್ಲ, ಪಟ್ಟಿ ಅಚ್ಚುಕಟ್ಟಾಗಿ ಬರುತ್ತದೆ, ಎಲ್ಲರಿಗೂ ಸಂತೋಷ. ಆದರೆ ಆ ಪಟ್ಟಿಯಲ್ಲಿ ಈಗ ಒಂದು ತೂತಿದೆ, ಮತ್ತು ತೂತಿದೆಯೆಂದು ಹೇಳುವವರಿಲ್ಲ. ಅದನ್ನು ಕೈಯಲ್ಲಿ ಹಿಡಿದ ತನಿಖೆಗಾರ 'ಈ ಯಂತ್ರದಲ್ಲಿ ಹೊರಗಿನ ಸಂಪರ್ಕ ಇರಲಿಲ್ಲ' ಎಂದು ಬರೆಯುತ್ತಾನೆ. ಅವನು ಬರೆಯಬೇಕಾಗಿದ್ದುದು 'ನನಗೆ ಕಾಣಲಿಲ್ಲ' ಎಂದು. ಇಲ್ಲ ಎಂಬ ಮಾತಿಗೂ ಕಾಣಲಿಲ್ಲ ಎಂಬ ಮಾತಿಗೂ ನಡುವೆ ನನ್ನ ಸಹಪಾಠಿಯ ಬದುಕಿನ ಎರಡು ವರ್ಷಗಳಿವೆ.

ವೊಲಟಿಲಿಟಿಯನ್ನು ಕಟ್ಟಿದವರು ಈ ಸೂಕ್ಷ್ಮವನ್ನು ಬಲ್ಲವರು. ಉತ್ತರವಿಲ್ಲದ ಜಾಗದಲ್ಲಿ ಬರೆಯಲು ಅವರು ನಾಲ್ಕು ಬಗೆಯ ಗುರುತುಗಳನ್ನಿಟ್ಟಿದ್ದಾರೆ: ಓದಲಾಗಲಿಲ್ಲ, ಓದಿದರೂ ಅರ್ಥೈಸಲಾಗಲಿಲ್ಲ, ಈ ಸಂದರ್ಭಕ್ಕೆ ಅನ್ವಯಿಸುವುದಿಲ್ಲ, ಲಭ್ಯವಿಲ್ಲ. ನಮ್ಮ ಕಚೇರಿಗಳ ಅರ್ಜಿಗಳಲ್ಲಿ ಒಂದೇ ಅಡ್ಡಗೆರೆ ಎಳೆದು ಮುಗಿಸುವುದನ್ನು ಇವರು ನಾಲ್ಕಾಗಿ ವಿಂಗಡಿಸಿದ್ದಾರೆಂದು ಮೊದಲು ಓದಿದಾಗ ನನಗೆ ಸೋಜಿಗವಾಯಿತು. ಬರುವ ತಿದ್ದುಪಡಿಗಳಲ್ಲಿ ಈ ನಾಲ್ಕರಲ್ಲಿ ಸರಿಯಾದುದನ್ನೇ ಬಳಸಿದ್ದಾರೆಯೇ ಅಥವಾ ಸುಮ್ಮನೆ ಸೊನ್ನೆ ಬರೆದಿದ್ದಾರೆಯೇ ಎಂದು ನೋಡುತ್ತೇನೆ. ಸೊನ್ನೆ ಬರೆದಿದ್ದರೆ ಕೇಳುತ್ತೇನೆ. ಕೆಲವರು ಬೇಸರಪಡುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೊಡಬೇಕು, ಅದರಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಬಹಳ ಒಳ್ಳೆಯ ಏರ್ಪಾಡು. ಪ್ರತಿಯನ್ನು ಆಮೇಲೆ ಯಾರೂ ತಿದ್ದಿಲ್ಲವೆಂಬುದಕ್ಕೆ ಆ ಸಂಖ್ಯೆ ಸಾಕ್ಷಿ. ಆದರೆ ಪ್ರತಿಯನ್ನು ಓದಿದ ಸಲಕರಣೆ ಸರಿಯಾಗಿ ಓದಿತೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಭರವಸೆ ಬರುವುದು, ಬರುವುದಾದರೆ, ಸಾಲುಸಾಲನ್ನು ಓದಿದ ಅನೇಕ ಕಣ್ಣುಗಳಿಂದ.

ಕಣ್ಣುಗಳಿಗೂ ಮಂಕು ಕವಿಯುವುದುಂಟು. ಎಕ್ಸ್‌ಜ಼ೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶದಲ್ಲಿ, ಎರಡು ವರ್ಷಗಳಿಗೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ ಒಬ್ಬ ಅನಾಮಿಕ ವ್ಯಕ್ತಿ ಕಳ್ಳಬಾಗಿಲೊಂದನ್ನು ಇರಿಸಿದ್ದುದು 2024ರ ಮಾರ್ಚ್ 29ರಂದು ಬಯಲಾಯಿತು. ಪರೀಕ್ಷೆಗೆಂದು ಸೇರಿಸಿದ ಮಾದರಿ ಕಡತಗಳೊಳಗೆ ಅದು ಅಡಗಿತ್ತು. ಅವನ್ನು ತೆರೆದು ನೋಡುವವರಾರು? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ, ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದೆಯಲ್ಲ ಎಂಬ ಸಣ್ಣ ಅನುಮಾನ ಬಾರದಿದ್ದರೆ ಅದು ಲೋಕದ ಲಕ್ಷಾಂತರ ಯಂತ್ರಗಳನ್ನು ಸೇರುತ್ತಿತ್ತು. ಅಂದಿನಿಂದ ನಾನು ಮಾದರಿ ಕಡತಗಳನ್ನೂ ತೆರೆದು ನೋಡುತ್ತೇನೆ.

ಪರಿಶೀಲನೆಯ ಮಾತನ್ನು ಹೇಗೆ ಬರೆಯಬೇಕೆಂಬುದನ್ನು ನಾನು ಯಾವ ಪರದೇಶದ ಪುಸ್ತಕದಿಂದಲೂ ಕಲಿಯಲಿಲ್ಲ. ನಮ್ಮ ಕನ್ನಡ ಮಾಸ್ತರರು ಶನಿವಾರ ಬೆಳಿಗ್ಗೆ ಉಕ್ತಲೇಖನ ಕೊಟ್ಟು, ಪುಸ್ತಕಗಳನ್ನು ಅದಲುಬದಲು ಮಾಡಿಸಿ, ಒಬ್ಬರದನ್ನು ಇನ್ನೊಬ್ಬರು ತಿದ್ದುವಂತೆ ಹೇಳುತ್ತಿದ್ದುದು ಆ ಕಾಲದವರಿಗೆ ನೆನಪಿರಬಹುದು. ಬರಿಯ ಅಡ್ಡಗೆರೆ ಎಳೆದರೆ ಒಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಸರಿಯಾದ ರೂಪವನ್ನೂ ಬರೆದು, ಕೆಳಗೆ ತಿದ್ದಿದವರ ಹೆಸರನ್ನು ಬರೆಯಬೇಕಾಗಿತ್ತು. ಸರಿಯಿದ್ದುದನ್ನು ತಪ್ಪೆಂದು ತಿದ್ದಿದವನಿಗೂ ಅಂಕ ಕಳೆಯುತ್ತಿದ್ದರು. ನಮ್ಮಲ್ಲಿ ಬಹುಮಂದಿಯ ತಪ್ಪು ಒಂದೇ ಬಗೆಯದು. ಮನೆಯಲ್ಲಿ ಕನ್ನಡ, ಪೇಟೆಯ ಫಲಕಗಳಲ್ಲಿ ತೆಲುಗು. ಕೈ ತಾನಾಗಿಯೇ ಕನ್ನಡದ ತಲೆಕಟ್ಟಿನ ಬದಲಿಗೆ ತೆಲುಗಿನ ತಲಕಟ್ಟನ್ನು ಹಾಕಿಬಿಡುತ್ತಿತ್ತು. ಮಾಸ್ತರರು ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ಗೆರೆ ಆಮೇಲೆ ಎಳೆದದ್ದು, ಕೈಗೆ ಅದು ಗೊತ್ತಿಲ್ಲ ಎನ್ನುತ್ತಿದ್ದರು.

ಈ ತಲಕಟ್ಟಿನ ಕಥೆ ಗಣಕದ ಸ್ಮೃತಿಯಲ್ಲಿಯೂ ಮುಂದುವರಿಯುತ್ತದೆಂದು ಅವರಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದರು. ಯುನಿಕೋಡ್ ಸಂಕೇತದಲ್ಲಿ ತೆಲುಗು ಮತ್ತು ಕನ್ನಡ ನೆರೆಮನೆಗಳು. ತೆಲುಗಿನ 'ಕ'ಕಾರದ ಸಂಖ್ಯೆ 3093, ಕನ್ನಡದ್ದು 3221. ನಡುವೆ ನಿಖರವಾಗಿ 128ರ ಅಂತರ. 'ಖ'ಕಾರಕ್ಕೂ 'ಗ'ಕಾರಕ್ಕೂ ಅಷ್ಟೇ ಅಂತರ. ಯುಟಿಎಫ್-8 ಎಂಬ ಕ್ರಮದಲ್ಲಿ ಶೇಖರಿಸಿದಾಗ ತೆಲುಗಿನ 'ಕ' 224, 176, 149 ಎಂಬ ಮೂರು ಬೈಟುಗಳು. ಕನ್ನಡದ 'ಕ' 224, 178, 149. ನಡುವಿನ ಒಂದೇ ಬೈಟಿನಲ್ಲಿ, ಅದೂ ಎರಡರಷ್ಟೇ, ವ್ಯತ್ಯಾಸ. ಗಡಿನಾಡಿನ ಯಂತ್ರದ ಸ್ಮೃತಿಯಲ್ಲಿ ಎರಡೂ ಒಟ್ಟೊಟ್ಟಿಗೆ ಹರಡಿಕೊಂಡಿರುತ್ತವೆ.

ಇದನ್ನು ಹೇಳಲು ಕಾರಣವಿದೆ. ಸ್ಮೃತಿಯ ಪ್ರತಿಯಲ್ಲಿ ಮನುಷ್ಯರು ಓದಬಲ್ಲ ಮಾತುಗಳನ್ನು ಹುಡುಕುವ ಹಳೆಯ ಸಲಕರಣೆಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮಾತೆಂದು ತಿಳಿಯುತ್ತವೆ. ಕನ್ನಡದಲ್ಲಿ ಬರೆದ ಬೆದರಿಕೆಯ ಪತ್ರವಾಗಲಿ ಕನ್ನಡದಲ್ಲಿ ಬರೆದ ನಿರಪರಾಧಿಯ ಸಮರ್ಥನೆಯಾಗಲಿ ಅವಕ್ಕೆ ಕಸವಾಗಿ ತೋರುತ್ತದೆ. ಕಳೆದ ವರ್ಷ ವಿದ್ಯಾರ್ಥಿಯೊಬ್ಬರು ಕನ್ನಡ, ತೆಲುಗು ಮಾತುಗಳನ್ನು ಹುಡುಕಲು ಸ್ವಂತಕ್ಕೆಂದು ಬರೆದ ಪ್ಲಗಿನ್ನನ್ನು ಓದಿ ನೋಡಬೇಕೆಂದು ನನಗೆ ಕಳುಹಿಸಿದರು. ಮೂರು ರಾತ್ರಿ ಓದಿದೆ. ಚೆನ್ನಾಗಿ ಬರೆದಿದ್ದರು. ಆದರೂ ಕೇಳಬೇಕಾದ ಪ್ರಶ್ನೆಗಳಿದ್ದವು. ನಾಲ್ಕಕ್ಕಿಂತ ಚಿಕ್ಕದಾದ ಮಾತನ್ನು ಬಿಟ್ಟುಬಿಡು ಎಂದು ಬರೆದಿದ್ದೀರಿ, ನಾಲ್ಕು ಏನು? ಬೈಟುಗಳೋ, ಸಂಕೇತಗಳೋ, ಅಕ್ಷರಗಳೋ? ನಾವು ಒಂದೇ ಅಕ್ಷರವೆಂದು ಓದುವ 'ಕ್ಷ' ಮೂರು ಸಂಕೇತ, ಒಂಬತ್ತು ಬೈಟು. 'ಹಣ' ಎಂಬುದು ಎರಡೇ ಸಂಕೇತ. ಸಂಕೇತಗಳನ್ನು ಎಣಿಸಿದರೆ ಅದು ಕೈತಪ್ಪಿ ಹೋಗುತ್ತದೆ, ತನಿಖೆಗಾರನಿಗೆ ಬೇಕಾದ ಮಾತು ಅದೇ. ಎರಡನೆಯ ಪ್ರಶ್ನೆ: ಸ್ಮೃತಿಯನ್ನು 4096 ಬೈಟುಗಳ ಪುಟಗಳಾಗಿ ಹಂಚುತ್ತಾರೆ, 4096 ಮೂರರಿಂದ ಭಾಗವಾಗುವುದಿಲ್ಲ. ಪುಟದ ಅಂಚಿನಲ್ಲಿ ಅಕ್ಷರವೊಂದು ಕಡಿದುಹೋಗಿ, ಅದರ ಉಳಿದ ಭಾಗ ಎಲ್ಲಿಯೋ ದೂರದ ಪುಟದಲ್ಲಿದ್ದರೆ ನಿಮ್ಮ ಪ್ಲಗಿನ್ನು ಏನು ಮಾಡುತ್ತದೆ? ಮೂರನೆಯದು ಯುನಿಕೋಡಿಗೆ ಮೊದಲಿನ ಕಡತಗಳದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಕನ್ನಡ, ಸ್ಮೃತಿಯಲ್ಲಿ ರೋಮನ್ ಲಿಪಿಯ ಚಿಹ್ನೆಗಳ ವೇಷದಲ್ಲಿರುತ್ತದೆ. ಅದನ್ನು ಹುಡುಕುವುದು ನಿಮ್ಮ ಉದ್ದೇಶವಲ್ಲದಿದ್ದರೆ ಬೇಡ. ಆದರೆ ಹುಡುಕಿಲ್ಲವೆಂಬುದನ್ನು ಪಟ್ಟಿಯ ತಲೆಯಲ್ಲಿ ಬರೆಯಿರಿ.

ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ಅವರು ವಾರದೊಳಗೆ ಉತ್ತರ ಬರೆದರು. ಎರಡನೆಯದಕ್ಕೆ ಎರಡು ತಿಂಗಳು ಹಿಡಿಯಿತು. ಮತ್ತೆ ಕಳುಹಿಸಿದ ಕರಡು ಈಗ ನನ್ನ ಬಳಿಯಿದೆ. ಅದನ್ನು ಪರೀಕ್ಷಿಸಲು ನಿಜವಾದ ಪ್ರತಿಗಳು ಬೇಕು. ಒಂದೇ ಕೈ ಟೈಪು ಮಾಡಿದ ಹತ್ತು ವಾಕ್ಯಗಳು ಸಾಲವು. ದೀಪಾವಳಿಯ ರಜೆಯಲ್ಲಿ ಊರಿಗೆ ಬಂದಾಗ ಶಾಲೆಯ ಗಣಕಕೊಠಡಿಯನ್ನು ಒಂದು ದಿನದ ಮಟ್ಟಿಗೆ ಕೊಡುವುದಾಗಿ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳು ತಮಗೆ ತೋಚಿದುದನ್ನು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಎರಡನ್ನೂ ಬೆರೆಸಿಯೋ ಅರ್ಧ ಗಂಟೆ ಟೈಪು ಮಾಡಬೇಕು, ಅದನ್ನೇ ಒಂದು ಕಾಗದದ ಮೇಲೆ ಕೈಯಲ್ಲಿಯೂ ಬರೆದಿಡಬೇಕು. ಕಡತವನ್ನು ಉಳಿಸದೆಯೇ ಮುಚ್ಚಬೇಕು. ಯಂತ್ರ ನಡೆಯುತ್ತಿರುವಾಗಲೇ ಸ್ಮೃತಿಯ ಪ್ರತಿ ತೆಗೆದು, ಪ್ಲಗಿನ್ನು ಕಂಡುಹಿಡಿದ ಮಾತುಗಳನ್ನು ಕಾಗದಗಳೊಡನೆ ಹೋಲಿಸಿ ನೋಡೋಣ. ಸ್ವಂತ ಹೆಸರು, ದೂರವಾಣಿ ಸಂಖ್ಯೆ, ಗುಪ್ತಪದ ಯಾವುದನ್ನೂ ಟೈಪು ಮಾಡಕೂಡದೆಂದು ಪೋಷಕರು ಮಕ್ಕಳಿಗೆ ಈಗಲೇ ಹೇಳಿಟ್ಟರೆ ಉಪಕಾರವಾಗುತ್ತದೆ. ಕಾಗದ, ಪೆನ್ಸಿಲುಗಳನ್ನು ನಾನೇ ತರುತ್ತೇನೆ.